ಹಗುರ ಸ್ಪೋರ್ಟ್ಸ್ ಕಾರಿನ ಡಿಫರೆನ್ಷಿಯಲ್ ಕೂಗು: ಆಯಿಲ್ ಬದಲಿಸಿದರೆ ಹೋಗುವುದೆಷ್ಟು, ಉಳಿಯುವುದೆಷ್ಟು

ಹಿಂದಿನ ಹೌಸಿಂಗ್ (ಎರಡು ಹಿಂಚಕ್ರಗಳಿಗೆ ಬಲ ಹಂಚುವ ಡಿಫರೆನ್ಷಿಯಲ್ ಗೇರುಗಳ ಪೆಟ್ಟಿಗೆ) ಕೂಗುತ್ತಿದೆ ಎಂದು ಗಾಡಿ ತಂದವರಿಗೆ, ಮೈಸೂರಿನ ಬನ್ನಿಮಂಟಪದಿಂದ ಹಿಡಿದು ಮಂಡ್ಯದವರೆಗೆ ಯಾವ ಗ್ಯಾರೇಜಿಗೆ ಹೋದರೂ ಸಾಮಾನ್ಯವಾಗಿ ಸಿಗುವ ಮಾತು: ‘ಒನ್‌ಫಾರ್ಟಿ ಆಯಿಲ್ ಹಾಕ್ಬಿಡೋಣ ಬಿಡಿ ಸಾರ್, ಸೌಂಡ್ ಹೋಗತ್ತೆ.’ 140 ದರ್ಜೆಯ ಆ ದಪ್ಪ ಆಯಿಲ್ ಹಾಕಿದರೆ ಸದ್ದು ಒಂದಿಷ್ಟು ತಗ್ಗುವುದು ನಿಜವೇ. ಆದರೆ ಕೂಗುತ್ತಿದ್ದದ್ದು ಪಿನಿಯನ್ (ಎಂಜಿನ್ ಕಡೆಯಿಂದ ಬರುವ ಶಾಫ್ಟ್ ತಿರುಗಿಸುವ ಸಣ್ಣ ಗೇರ್) ಬೇರಿಂಗ್ ಆಗಿದ್ದರೆ ಅದು ಸವೆಯುತ್ತಲೇ ಇರುತ್ತದೆ, ಕೇಳಿಸುವುದು ಮಾತ್ರ ಕಡಿಮೆ. ಆಯಿಲ್ ಬದಲಿಸಿದ್ದರಿಂದ ನಿಜವಾಗಿ ವಾಸಿಯಾಗುವ ಸದ್ದುಗಳು ಮೂರೇ: ಆಯಿಲ್ ಕಡಿಮೆಯಾಗಿ ಬಂದ ಕೂಗು, ತಪ್ಪು ದರ್ಜೆಯ ಆಯಿಲ್ ಹಾಕಿ ಬಂದ ಕೂಗು, ಪ್ಲೇಟ್ ಇರುವ ಲಿಮಿಟೆಡ್ ಸ್ಲಿಪ್ ಡಿಫರೆನ್ಷಿಯಲ್ (ಎಲ್‌ಎಸ್‌ಡಿ, ಒಂದೇ ಚಕ್ರ ಸುಮ್ಮನೆ ಸುತ್ತದಂತೆ ತಡೆಯುವ ಬಗೆ) ತಿರುವಿನಲ್ಲಿ ಕಟಕಟ ಹೊಡೆದುಕೊಳ್ಳುವ ಸದ್ದು. ಉಳಿದದ್ದೆಲ್ಲ ಬಿಚ್ಚಿ ಸರಿಮಾಡುವ ಕೆಲಸ.

ಹಗುರ ಗಾಡಿಗಳಲ್ಲಿ ಈ ತಕರಾರು ಹೆಚ್ಚು ಕೇಳಿಬರಲು ಕಾರಣವಿದೆ. ಮೊದಲ ತಲೆಮಾರಿನ ಮಜ್ದಾ ಎಂಎಕ್ಸ್-5 ಕಾರಿನ ತೂಕ ಸುಮಾರು 1,000 ಕೆಜಿ. ತೂಕ ಇಳಿಸಲು ಸದ್ದು ತಡೆಯುವ ಹೊದಿಕೆಯನ್ನು ಹೆಚ್ಚು ಬಳಸಿಲ್ಲ, ಸೀಟಿನ ಬೆನ್ನಿಗೇ ಡಿಫರೆನ್ಷಿಯಲ್. ಅದರ ಗೇರ್‌ಬಾಕ್ಸನ್ನೂ ಡಿಫರೆನ್ಷಿಯಲ್ಲನ್ನೂ ಉದ್ದನೆಯ ಅಲ್ಯೂಮಿನಿಯಂ ಚೌಕಟ್ಟೊಂದು ಬಿಗಿಯಾಗಿ ಜೋಡಿಸಿರುವುದರಿಂದ ಒಂದರ ನಡುಕ ಇನ್ನೊಂದಕ್ಕೆ ದಾಟುತ್ತದೆ. ಈ ಕಾರು ನಮ್ಮ ದೇಶದ ಶೋರೂಮಿಗೆ ಬಂದಿಲ್ಲ, ಬಿಡಿ. ಆದರೆ ಹಿಂಚಕ್ರ ಎಳೆಯುವ ಹಗುರ ಗಾಡಿಗಳಿಗೆ ಮೈಸೂರು-ಮಂಡ್ಯ ಕಡೆ ಬರವಿಲ್ಲ. ಸೀಟು, ಹೊದಿಕೆ ಕಿತ್ತು ಆಟೋಕ್ರಾಸ್ ರೇಸಿಗೆ ತಯಾರು ಮಾಡಿದ ಜಿಪ್ಸಿ, ಎಂಜಿನ್ ಬಲಪಡಿಸಿದ ಪದ್ಮಿನಿ, ಹೊಸದಾಗಿ ಮಾಡಿಸಿಟ್ಟ ಹಳೇ ಫಿಯೆಟ್, ಎಲ್ಲಕ್ಕೂ ಲೆಕ್ಕ ಒಂದೇ. ಇನ್ನೊಂದು ವಿಷಯ: ರಬ್ಬರ್ ಬುಷ್ ತೆಗೆದು ಪಾಲಿಯುರೆಥೇನ್ ಅಥವಾ ಲೋಹದ ಬುಷ್ ಹಾಕಿಸಿದ ದಿನದಿಂದಲೇ ಕೂಗು ಶುರುವಾಗಿದ್ದರೆ, ಅದು ಮೊದಲೇ ಇದ್ದ ಕೂಗು. ರಬ್ಬರ್ ಅದನ್ನು ನುಂಗುತ್ತಿತ್ತು, ಅಷ್ಟೆ. ಅದಕ್ಕೆ ಆಯಿಲ್ ಹುಡುಕಬೇಡಿ.

ಯಾವ ಸದ್ದು, ಯಾವಾಗ?

ಟೈರಿಗೆ ಸರಿಯಾಗಿ ಗಾಳಿ ಹಾಕಿಸಿ, ಗಾಡಿಯಲ್ಲಿರುವ ಜಾಕಿ, ಟೂಲ್ಸ್, ಸ್ಟೆಪ್ನಿ ಎಲ್ಲ ಅಲುಗದಂತೆ ಕಟ್ಟಿ, ಬೆಳಗಿನ ಆರರೊಳಗೆ ಔಟರ್ ರಿಂಗ್ ರೋಡಿಗೆ ಹೋಗಿ. ಹದಿನೈದು ಕಿಲೋಮೀಟರ್ ಓಡಿಸಿ ಹೌಸಿಂಗ್ ಬಿಸಿಯಾದ ಮೇಲೆ ಪರೀಕ್ಷೆ ಶುರು. 60ರಲ್ಲಿ ನಾಲ್ಕು ಸ್ಥಿತಿಗಳಲ್ಲಿ ಕೇಳಿಸಿಕೊಳ್ಳಿ: ಆಕ್ಸಿಲರೇಟರ್ ಒತ್ತಿದಾಗ, ವೇಗ ಏರದಂತೆ ಇಳಿಯದಂತೆ ಹಿಡಿದಾಗ, ಅದೇ ಗೇರಿನಲ್ಲಿ ಕಾಲು ಪೂರ್ತಿ ತೆಗೆದಾಗ, ಕೊನೆಗೆ ರಸ್ತೆ ಖಾಲಿಯಿದ್ದರೆ ನ್ಯೂಟ್ರಲ್‌ನಲ್ಲಿ. ಎಳೆಯುವಾಗಿನ ಮತ್ತು ತಡೆಯುವಾಗಿನ ಸದ್ದನ್ನು ಬೇರ್ಪಡಿಸಲು ಚಾಮುಂಡಿ ಬೆಟ್ಟದ ರಸ್ತೆಗಿಂತ ಒಳ್ಳೆ ಜಾಗವಿಲ್ಲ. ಹತ್ತುವಾಗ ಕ್ರೌನ್ (ಪಿನಿಯನ್ ತಿರುಗಿಸುವ ದೊಡ್ಡ ಗೇರ್) ಹಲ್ಲಿನ ಒಂದು ಮುಖಕ್ಕೆ ಭಾರ ಬೀಳುತ್ತದೆ, ಎರಡನೇ ಗೇರಿನಲ್ಲಿ ಇಳಿಯುವಾಗ ಇನ್ನೊಂದು ಮುಖಕ್ಕೆ. ವಾರಾಂತ್ಯ, ಆಷಾಢ ಶುಕ್ರವಾರ ಬಿಟ್ಟು ಹೋಗಿ.

ಭಾರ ಬದಲಾದಂತೆ ಏರಿಳಿಯುವ, ರಾಗ ಹಿಡಿದಂತಹ ‘ಕುಂಯ್‌’ ಕ್ರೌನ್-ಪಿನಿಯನ್ ಹಲ್ಲುಗಳದು. ಹತ್ತುವಾಗ ಮಾತ್ರ ಅಥವಾ ಇಳಿಯುವಾಗ ಮಾತ್ರ ಬಂದರೆ ಹಲ್ಲು ಕೂಡುವ ಜಾಗ ಸರಿದಿದೆ ಅಥವಾ ಪಿನಿಯನ್ ಸಡಿಲಾಗಿದೆ ಎಂದರ್ಥ. ಭಾರಕ್ಕೆ ಸಂಬಂಧವೇ ಇಲ್ಲದೆ ವೇಗದ ಜತೆ ಮಾತ್ರ ಏರುವ ‘ಗುಡುಗುಡು’ ಬೇರಿಂಗಿನದು. ಸ್ಟೀರಿಂಗ್ ಎಡಕ್ಕೆ ಬಲಕ್ಕೆ ಸ್ವಲ್ಪ ಎಳೆದಾಗ ಅದು ಹೆಚ್ಚುಕಡಿಮೆಯಾದರೆ ಚಕ್ರದ ಬೇರಿಂಗ್, ಇಲ್ಲದಿದ್ದರೆ ಹೌಸಿಂಗ್ ಒಳಗಿನದಿರಬಹುದು. ಡಾಂಬರಿನಿಂದ ಕಾಂಕ್ರೀಟಿಗೆ ಹತ್ತಿದ ತಕ್ಷಣ ಸ್ವರ ಬದಲಾದರೆ ಟೈರ್. ಕ್ಲಚ್ ಬಿಟ್ಟಾಗ ‘ಧಡ್’ ಎಂದರೆ ಮೊದಲು ಯುಜೆ ಕ್ರಾಸ್ (ಶಾಫ್ಟಿನ ಕೀಲು) ನೋಡಿ, ಆಮೇಲೆ ಹಲ್ಲಿನ ಸಡಿಲ. ತಿರುವಿನಲ್ಲಿ ಮಾತ್ರ ‘ಕಟಕಟ’ ಎಂದರೆ ಓಪನ್ (ಎಲ್‌ಎಸ್‌ಡಿ ಅಲ್ಲದ ಸಾಮಾನ್ಯ) ಡಿಫರೆನ್ಷಿಯಲ್‌ನಲ್ಲಿ ಒಳಗಿನ ಸಣ್ಣ ಸ್ಟಾರ್ ಗೇರ್, ವಾಷರ್ ಸವೆದಿವೆ. ಎಲ್‌ಎಸ್‌ಡಿ ಇದ್ದರೆ ಆಯಿಲಿನ ತಕರಾರಿರಬಹುದು.

ಜಿಪ್ಸಿಯವರು ಇನ್ನೊಂದನ್ನು ತಪ್ಪದೆ ನೋಡಬೇಕು. ಹಿಂದಿನ-ಮುಂದಿನ ಚಕ್ರಗಳಿಗೆ ಬಲ ಕಳಿಸುವ ಅದರ ಟ್ರಾನ್ಸ್‌ಫರ್ ಕೇಸ್ ಗೇರ್‌ಬಾಕ್ಸಿನಿಂದ ಬೇರೆಯೇ ಕೂತಿದೆ, ತನ್ನದೇ ಆದ ಕೂಗೂ ಅದಕ್ಕಿದೆ. ಸದ್ದು ಸೀಟುಗಳ ಮಧ್ಯದಿಂದ ಬರುತ್ತಿದ್ದರೆ ಹಿಂದಿನ ಹೌಸಿಂಗಿಗೆ ಕೈ ಹಾಕುವ ಮೊದಲು ಟ್ರಾನ್ಸ್‌ಫರ್ ಕೇಸಿನ ಆಯಿಲ್ ಮಟ್ಟ ಪರೀಕ್ಷಿಸಿ. ಸಸ್ಪೆನ್ಷನ್ ಎತ್ತರಿಸಿದ ಗಾಡಿಯಾದರೆ ಶಾಫ್ಟಿನ ಕೋನ ಕೆಟ್ಟು ಬರುವ ನಡುಕವನ್ನೂ ಡಿಫರೆನ್ಷಿಯಲ್ ತಲೆಗೆ ಕಟ್ಟುವುದುಂಟು.

ಕಿವಿಯ ಮೇಲೆ ನಂಬಿಕೆ ಸಾಲದಿದ್ದರೆ ಲೆಕ್ಕ ಮಾಡಿ. ಫೋನಿಗೆ ಧ್ವನಿಯ ಸ್ಪೆಕ್ಟ್ರಮ್ ತೋರಿಸುವ ಉಚಿತ ಆ್ಯಪ್ ಸಿಗುತ್ತದೆ. 4.1 ಅನುಪಾತದ ಎಂಎಕ್ಸ್-5 ತೆಗೆದುಕೊಳ್ಳೋಣ: ಪಿನಿಯನ್‌ಗೆ 10 ಹಲ್ಲು, ಕ್ರೌನಿಗೆ 41. 185/60 ಆರ್14 ಟೈರಿನ ಸುತ್ತಳತೆ ಸುಮಾರು 1.81 ಮೀಟರ್. 80 ಕಿಮೀ ವೇಗವೆಂದರೆ ಸೆಕೆಂಡಿಗೆ 22.2 ಮೀಟರ್, ಅಂದರೆ ಚಕ್ರ ಸೆಕೆಂಡಿಗೆ 12.2 ಸುತ್ತು. ಶಾಫ್ಟ್ ಅದರ 4.1 ಪಟ್ಟು, ಸುಮಾರು 50 ಸುತ್ತು. ಹಲ್ಲುಗಳು ಕೂಡುವುದು 12.2 ಗುಣಿಸು 41, ಹೆಚ್ಚುಕಡಿಮೆ ಸೆಕೆಂಡಿಗೆ 500 ಸಲ. ಆದ್ದರಿಂದ 80ರಲ್ಲಿ 12 ಹರ್ಟ್ಸ್ ಬಳಿ ಉಬ್ಬು ಕಂಡರೆ ಟೈರ್ ಅಥವಾ ರಿಮ್, 50ರ ಬಳಿ ಕಂಡರೆ ಶಾಫ್ಟಿನ ಬ್ಯಾಲೆನ್ಸ್, 500ರ ಬಳಿ ಮೊನಚಾದ ಗೆರೆ ಎದ್ದರೆ ಕ್ರೌನ್-ಪಿನಿಯನ್. 60ಕ್ಕೆ ಇಳಿದಾಗ ಆ ಗೆರೆ 375ಕ್ಕೆ, 40ರಲ್ಲಿ 250ಕ್ಕೆ ಸರಿಯಬೇಕು. ಗೇರ್ ಬದಲಿಸಿಯೂ ಅದೇ ವೇಗ ಕಾದುಕೊಂಡಾಗ ಗೆರೆ ಅಲ್ಲೇ ನಿಂತರೆ ಅನುಮಾನವೇ ಬೇಡ. ಫೋನಿನ ಮೈಕಿಗೆ 12 ಹರ್ಟ್ಸ್ ಸರಿಯಾಗಿ ಸಿಗುವುದಿಲ್ಲ, ಅದನ್ನು ಸೀಟಿನ ನಡುಕದಿಂದಲೇ ತಿಳಿಯಬೇಕು. ನಿಮ್ಮ ಗಾಡಿಯ ಕ್ರೌನ್ ಹಲ್ಲು, ಟೈರ್ ಸುತ್ತಳತೆ ಹಾಕಿ ಇದೇ ಲೆಕ್ಕ ಮಾಡಿ, ಗೆರೆ ಎಷ್ಟು ಎತ್ತರವಿದೆಯೆಂದು ಸ್ಕ್ರೀನ್‌ಶಾಟ್ ಇಟ್ಟುಕೊಳ್ಳಿ. ಆಯಿಲ್ ಬದಲಿಸಿದ ಮೇಲೆ ‘ಕಡಿಮೆಯಾದಂಗಿದೆ’ ಎನ್ನುವ ಮಾತಿಗಿಂತ ಇದು ಮೇಲು. ಇಂಥ ಒಂದೇ ವೇಗದ ಅಳತೆಗೆ ಶ್ರೀರಂಗಪಟ್ಟಣ-ಮಂಡ್ಯ ನಡುವಿನ ಹೆದ್ದಾರಿ ಅನುಕೂಲ, ಎಡದ ಲೇನ್ ಹಿಡಿದು ಹೋಗಿ. ಫೋನನ್ನು ಪಕ್ಕದಲ್ಲಿ ಕೂತವರು ನೋಡಲಿ.

ಡಬ್ಬದ ಮೇಲೆ ಏನು ಓದಬೇಕು

ಹಿಂದಿನ ಆ್ಯಕ್ಸಲ್‌ನಲ್ಲಿ ಪಿನಿಯನ್ನಿನ ನಡುಗೆರೆ ಕ್ರೌನಿನ ನಡುಗೆರೆಗಿಂತ ಕೆಳಗಿರುತ್ತದೆ. ಇದಕ್ಕೆ ಹೈಪಾಯ್ಡ್ ಜೋಡಣೆ ಎನ್ನುತ್ತಾರೆ. ಇದರಲ್ಲಿ ಹಲ್ಲಿನ ಮೇಲೆ ಹಲ್ಲು ಉರುಳುವುದಷ್ಟೇ ಅಲ್ಲ, ಉದ್ದಕ್ಕೂ ಜಾರುತ್ತದೆ. ಜಾರುವಾಗ ಬೀಳುವ ಒತ್ತಡಕ್ಕೆ ಬರೀ ಆಯಿಲಿನ ಪೊರೆ ಹರಿದುಹೋಗುತ್ತದೆ. ಆಗ ಕಾಯುವುದು ಗಂಧಕ-ರಂಜಕದ ಇಪಿ (ಎಕ್ಸ್‌ಟ್ರೀಮ್ ಪ್ರೆಷರ್, ಅತಿ ಒತ್ತಡ ತಾಳುವ) ಸಂಯೋಜಕ. ಅದಕ್ಕಾಗಿಯೇ ಜಿಎಲ್-5 ದರ್ಜೆಯ ಗೇರ್ ಆಯಿಲ್ ಬೇಕು. ಜಿಎಲ್-4ನಲ್ಲಿ ಈ ಸಂಯೋಜಕ ಸುಮಾರು ಅರ್ಧದಷ್ಟಿರುತ್ತದೆ.

ಅಂಗಡಿಯಲ್ಲಿ ‘ಇಪಿ ನೈಂಟಿ ಕೊಡಿ’ ಎಂದರೆ ಸಿಗುವ ಡಬ್ಬ ಜಿಎಲ್-4 ಆಗಿರಬಹುದು, ಜಿಎಲ್-5 ಆಗಿರಬಹುದು. ಇಪಿ 90 ಎನ್ನುವ ಹೆಸರು ಅದನ್ನು ಹೇಳುವುದಿಲ್ಲ. ಡಬ್ಬ ತಿರುಗಿಸಿ ಹಿಂದಿನ ಸಣ್ಣ ಅಕ್ಷರ ಓದಿ. ಮಂಡ್ಯ, ಪಾಂಡವಪುರ, ಮದ್ದೂರಿನ ಕಡೆ ಇನ್ನೊಂದು ಎಡವಟ್ಟಿದೆ. ಅಲ್ಲಿಯ ಅಂಗಡಿಗಳಿಗೆ ಟ್ರ್ಯಾಕ್ಟರ್ ಗಿರಾಕಿಗಳೇ ಹೆಚ್ಚು, ‘ಹೌಸಿಂಗ್ ಆಯಿಲ್’ ಎಂದು ಕೇಳಿದರೆ ಟ್ರ್ಯಾಕ್ಟರಿನ ವೆಟ್ ಬ್ರೇಕ್ ಆಯಿಲ್ ಕೈಗೆ ಬರಬಹುದು. ಅದು ಗೇರ್, ಹೈಡ್ರಾಲಿಕ್ಸ್, ಬ್ರೇಕ್ ಮೂರಕ್ಕೂ ಸೇರಿ ಮಾಡಿದ್ದು. ತೆಳು, ಹೈಪಾಯ್ಡ್ ಹಲ್ಲಿನ ಒತ್ತಡಕ್ಕೆ ಒದಗುವಂಥದ್ದಲ್ಲ. ಕಾರಿನ ಹೌಸಿಂಗಿಗೆ ಹಾಕಿದರೆ ಮೊದಲು ಕೂಗು, ಆಮೇಲೆ ಹಲ್ಲಿನ ಮೇಲೆ ಗೀರು. ‘ಕಾರಿನ ಹಿಂದಿನ ಆ್ಯಕ್ಸಲ್‌ಗೆ, ಜಿಎಲ್-5, ತೊಂಬತ್ತು’ ಎಂದು ಬಿಡಿಸಿ ಕೇಳಿ.

ಇದರ ತಿರುವುಮುರುವು ತಪ್ಪೂ ಅಷ್ಟೇ ಸಾಮಾನ್ಯ. ಉಳಿದ ಜಿಎಲ್-5 ಆಯಿಲನ್ನು ಗೇರ್‌ಬಾಕ್ಸಿಗೆ ಸುರಿದರೆ ಸಿಂಕ್ರೊ ರಿಂಗ್ (ಗೇರ್ ಬದಲಿಸುವಾಗ ವೇಗ ಹೊಂದಿಸುವ ಉಂಗುರ) ಹಿಡಿಯುವಷ್ಟು ಘರ್ಷಣೆ ಸಿಗದೆ ಗೇರ್ ಕರಕರ ಎನ್ನುತ್ತದೆ, ಹಿತ್ತಾಳೆಯ ಭಾಗಗಳನ್ನು ಕೆಲವು ಜಿಎಲ್-5 ಆಯಿಲ್‌ಗಳು ತಿನ್ನುತ್ತವೆ. ಎಂಜಿನ್ ಅಡ್ಡ ಕೂತ ಮುಂಚಕ್ರದ ಕಾರುಗಳಲ್ಲಿ, ನಡುವೆ ಎಂಜಿನ್ ಅಡ್ಡ ಇಟ್ಟ ಸ್ಪೋರ್ಟ್ಸ್ ಕಾರುಗಳಲ್ಲಿ ಡಿಫರೆನ್ಷಿಯಲ್ ಗೇರ್‌ಬಾಕ್ಸಿನೊಳಗೇ ಇರುತ್ತದೆ. ಅಲ್ಲಿರುವುದು ಹೆಲಿಕಲ್ ಹಲ್ಲು, ಹೈಪಾಯ್ಡ್ ಅಲ್ಲ. ಅವುಗಳಿಗೆ ಗೇರ್‌ಬಾಕ್ಸಿಗೆ ಹೇಳಿದ ಆಯಿಲೇ. ಈ ಬರಹದ ಜಿಎಲ್-5 ಮಾತು ಅವಕ್ಕೆ ಹೊಂದುವುದಿಲ್ಲ.

ಇನ್ನು ಅಂಕಿ. ಗೇರ್ ಆಯಿಲಿನ 90ನ್ನು ಎಂಜಿನ್ ಆಯಿಲಿನ 40ರ ಪಕ್ಕ ಇಟ್ಟು ‘ಎರಡರಷ್ಟು ದಪ್ಪ’ ಎಂದುಕೊಳ್ಳಬೇಡಿ. ಎರಡರ ಅಳತೆಗೋಲೂ ಬೇರೆ, 100 ಡಿಗ್ರಿಯಲ್ಲಿ ಅವು ಹೆಚ್ಚುಕಡಿಮೆ ಒಂದೇ ಸ್ನಿಗ್ಧತೆಯವು. ವಾಹನ ಎಂಜಿನಿಯರ್‌ಗಳ ಸಂಸ್ಥೆ ಎಸ್‌ಎಇ ಲೆಕ್ಕದಲ್ಲಿ ಗೇರ್ ಆಯಿಲ್ 90 ಎಂದರೆ 100 ಡಿಗ್ರಿಯಲ್ಲಿ 13.5ರಿಂದ 18.5 ಸೆಂಟಿಸ್ಟೋಕ್ಸ್ (ಸ್ನಿಗ್ಧತೆಯ, ಅಂದರೆ ದಪ್ಪದ, ಅಳತೆ), 110 ಎಂದರೆ 18.5ರಿಂದ 24, 140 ಎಂದರೆ 24ರಿಂದ 32.5. 110 ಎನ್ನುವ ದರ್ಜೆ ಸೇರಿದ್ದು 2005ರಲ್ಲಿ. ಅದಕ್ಕೂ ಮೊದಲು 90 ಮತ್ತು 140ರ ನಡುವೆ ಮೆಟ್ಟಿಲೇ ಇರಲಿಲ್ಲ. ಡಬ್ಲ್ಯುಗೆ ಮುಂಚಿನ ಅಂಕಿ ಚಳಿಗೆ ಸಂಬಂಧಿಸಿದ್ದು: 75ಡಬ್ಲ್ಯು ಮೈನಸ್ 40 ಡಿಗ್ರಿಗೆ, 80ಡಬ್ಲ್ಯು ಮೈನಸ್ 26ಕ್ಕೆ, 85ಡಬ್ಲ್ಯು ಮೈನಸ್ 12ಕ್ಕೆ. ಜನವರಿಯ ಮುಂಜಾವಿನಲ್ಲೂ 10 ಡಿಗ್ರಿ ಕೆಳಗೆ ಇಳಿಯುವುದು ಅಪರೂಪವಾದ ಮೈಸೂರಿನಲ್ಲಿ ಈ ಅಂಕಿಗೆಂದು ದುಡ್ಡು ಸುರಿಯುವುದು ದಂಡ. ಸಿಂಥೆಟಿಕ್ ಬೇಕಾದರೆ ಬೇರೆ ಕಾರಣಕ್ಕೆ ಕೊಳ್ಳಿ: ಬಿಸಿಯಲ್ಲಿ ಬೇಗ ಕೆಡುವುದಿಲ್ಲ, ಟ್ರ್ಯಾಕ್ ದಿನದ ಕಾವು ತಡೆಯುತ್ತದೆ.

ಸದ್ದಿಗೆ ಸಂಬಂಧಿಸಿದ ಸಂಗತಿ ಇಲ್ಲಿದೆ. ಒಂದೇ 90ರ ದರ್ಜೆಯಲ್ಲಿ ಒಂದು ಡಬ್ಬ 14 ಇರಬಹುದು, ಇನ್ನೊಂದು 17.5 ಇರಬಹುದು. ಎರಡೂ ಕಾನೂನುಬದ್ಧ 90ಗಳೇ. ತೆಳುವಿನಿಂದ ದಪ್ಪಕ್ಕೆ ಹೋದಾಗ ಹಲ್ಲುಗಳ ನಡುವಿನ ಪೊರೆ ತುಸು ದಪ್ಪವಾಗಿ ಕೂಗಿನ ಮೊನೆ ಮುರಿಯುತ್ತದೆ. ಹಾಗಾಗಿ ಬ್ರ್ಯಾಂಡ್ ಜಗಳಕ್ಕೆ ಹೋಗುವ ಬದಲು ತಯಾರಕರ ಜಾಲತಾಣದಲ್ಲಿ ಡೇಟಾ ಶೀಟ್ ತೆಗೆದು 100 ಡಿಗ್ರಿಯ ಸಾಲನ್ನು ಓದಿ. ಖನಿಜ 80ಡಬ್ಲ್ಯು-90ರಿಂದ ಸಿಂಥೆಟಿಕ್ 75ಡಬ್ಲ್ಯು-90ಗೆ ಬಂದವರು ‘ದುಬಾರಿ ಆಯಿಲ್ ಹಾಕಿದ ಮೇಲೆ ಕೂಗು ಜಾಸ್ತಿಯಾಯ್ತು’ ಎನ್ನುವುದು ಸುಳ್ಳಲ್ಲ. 40 ಡಿಗ್ರಿಯಲ್ಲಿ ಮೊದಲಿನದು ಸುಮಾರು 140 ಸೆಂಟಿಸ್ಟೋಕ್ಸ್, ಎರಡನೆಯದು 100ರ ಆಸುಪಾಸು. ಬೆಳಿಗ್ಗೆ ಹೊರಟ ಮೊದಲ ಹತ್ತು ಕಿಲೋಮೀಟರ್ ಈ ವ್ಯತ್ಯಾಸ ಕೇಳಿಸುತ್ತದೆ, ಬಿಸಿಯಾದ ಮೇಲೆ ಎರಡೂ ಒಂದೇ.

ಹಾಗಾದರೆ ಹಳೇ ಗಾಡಿಯ ಸಣ್ಣ ಕೂಗಿಗೆ ಯಾವುದು? ಪುಸ್ತಕ 90 ಎಂದಿದ್ದರೆ ಮೊದಲು 90ರೊಳಗೇ ಮೇಲಂಚಿನದು. ಅದು ಸಾಲದಿದ್ದರೆ 75ಡಬ್ಲ್ಯು-110. ಹಗುರ ಗಾಡಿಗೆ 140 ಕೊನೆಯ ಆಯ್ಕೆ, ಅದೂ ಬೇರಿಂಗ್ ಚೆನ್ನಾಗಿದೆ ಎಂದು ಖಚಿತವಾದ ಮೇಲೆ. 140 ಕಲಕಲು ಹೆಚ್ಚು ಶಕ್ತಿ ತಿನ್ನುತ್ತದೆ, ಆ ಶಕ್ತಿ ಶಾಖವಾಗುತ್ತದೆ. 1,000-1,300 ಸಿಸಿ ಎಂಜಿನ್ನಿಗೆ ಅದು ಎಳೆತದಲ್ಲೇ ಗೊತ್ತಾಗುತ್ತದೆ. ತಣ್ಣಗಿರುವಾಗ ಪಿನಿಯನ್ನಿನ ಮುಂದಿನ ಬೇರಿಂಗಿಗೆ ನಿಧಾನವಾಗಿ ತಲುಪುತ್ತದೆ, ಮೊದಲು ಸಾಯುವುದೂ ಸಾಮಾನ್ಯವಾಗಿ ಅದೇ ಬೇರಿಂಗು. ಹಿಂದೆ ಹಳೇ ಗಾಡಿ ಮಾರುವವರು ಸದ್ದು ಅಡಗಲೆಂದು ಹೌಸಿಂಗಿಗೆ ಮರದ ಹೊಟ್ಟು, ಬಾಳೆಹಣ್ಣು ತುಂಬುತ್ತಿದ್ದರೆಂಬ ಮಾತಿದೆ. ನಂಜನಗೂಡು ರಸಬಾಳೆಯ ಇವತ್ತಿನ ಬೆಲೆಗೆ ಆ ಭಯವಿಲ್ಲ. ಸೆಕೆಂಡ್‌ಹ್ಯಾಂಡ್ ಕೊಳ್ಳುವವರು ಫಿಲ್ಲರ್ ಪ್ಲಗ್ ಬಿಚ್ಚಿ ಬೆರಳು ಹಾಕಿ 140 ಇದೆಯೇ ಎಂದಾದರೂ ನೋಡಿ.

ಬದಲಿಸುವ ಕ್ರಮ

ಬೇಕಾದದ್ದು: ಆಯಿಲ್, ಹೊಸ ತಾಮ್ರ ಅಥವಾ ಅಲ್ಯೂಮಿನಿಯಂ ವಾಷರ್ ಎರಡು, ಹ್ಯಾಂಡ್ ಪಂಪ್ ಅಥವಾ ಅಂಗೈ ದಪ್ಪದ ಸಿರಿಂಜ್‌ಗೆ ಅರ್ಧ ಮೀಟರ್ ಪಾರದರ್ಶಕ ಪೈಪ್, ಹಳೇ ಆಯಿಲ್ ಹಿಡಿಯುವ ಬಾಣಲೆ, ಗಾಡಿಯ ಭಾರ ತಡೆಯುವ ನಾಲ್ಕು ಸ್ಟ್ಯಾಂಡ್, ಪ್ಲಗ್ಗಿಗೆ ಸರಿಯಾದ ಕೀ. ಪ್ಲಗ್ ತಲೆ ಹೆಕ್ಸ್ ಇರಬಹುದು, ಅಲೆನ್ ಇರಬಹುದು, ಒಳಗೆ ಚೌಕ ಇರಬಹುದು. ಚೌಕಕ್ಕೆ ಹೊಂದದ ಕೀ ತುರುಕಿ ಮೂಲೆ ತಿಂದರೆ ಆಮೇಲೆ ವೆಲ್ಡಿಂಗ್ ಅಂಗಡಿಯೇ ಗತಿ. ಆಯಿಲ್ ಎಷ್ಟು ಬೇಕೆಂದು ಪುಸ್ತಕ ನೋಡಿ: ಎಂಎಕ್ಸ್-5ರ 1.6 ಮಾದರಿಗೆ 0.65 ಲೀಟರ್, 1.8ಕ್ಕೆ 1 ಲೀಟರ್. ಒಂದು ಲೀಟರ್ ಹಿಡಿಯುವ ಹೌಸಿಂಗಿಗೆ ಎರಡು ಲೀಟರ್ ತಂದಿಡಿ, ಚೆಲ್ಲುವ ಪಾಲು ಇದ್ದೇ ಇದೆ.

ಹದಿನೈದು ಕಿಲೋಮೀಟರ್ ಓಡಿಸಿ ಬನ್ನಿ, ತಣ್ಣಗಿನ ಆಯಿಲ್ ಪೂರ್ತಿ ಇಳಿಯುವುದಿಲ್ಲ. ಗಾಡಿಯನ್ನು ಸಮತಟ್ಟಾಗಿ ನಾಲ್ಕು ಸ್ಟ್ಯಾಂಡಿನ ಮೇಲೆ ನಿಲ್ಲಿಸಿ. ಹಿಂಭಾಗ ಮಾತ್ರ ಎತ್ತಿದರೆ ಮಟ್ಟದ ತೂತು ಸುಳ್ಳು ಹೇಳುತ್ತದೆ. ಮೊದಲು ಬಿಚ್ಚಬೇಕಾದ್ದು ಮೇಲಿನ ಫಿಲ್ಲರ್ ಪ್ಲಗ್. ಅದು ಜಾಮ್ ಆಗಿದ್ದು ಗೊತ್ತಾಗದೆ ಕೆಳಗಿನದನ್ನು ತೆಗೆದರೆ ಆಯಿಲಿಲ್ಲದ ಗಾಡಿ ಅಂಗಳದಲ್ಲೇ ಕೂರುತ್ತದೆ. ಫಿಲ್ಲರ್ ತೆಗೆದ ಕೂಡಲೇ ಕಿರುಬೆರಳು ಒಳಗೆ ಬಗ್ಗಿಸಿ ಮಟ್ಟ ನೋಡಿ: ಬೆರಳಿನ ತುದಿಗೆ ಆಯಿಲ್ ತಾಗದಿದ್ದರೆ ನಿಮ್ಮ ಕೂಗಿಗೆ ಕಾರಣ ಅರ್ಧ ಸಿಕ್ಕಂತೆ. ಎಲ್ಲಿ ಸೋರಿತೆಂದು ಪಿನಿಯನ್ ಸೀಲ್, ಆ್ಯಕ್ಸಲ್ ಸೀಲ್, ಬ್ರೇಕ್ ಡ್ರಮ್ಮಿನ ಒಳಗೆ ಹುಡುಕಿ.

ಕೆಳಗಿನ ಪ್ಲಗ್ ತೆಗೆದು ಇಪ್ಪತ್ತು ನಿಮಿಷ ಇಳಿಯಲು ಬಿಡಿ. ಕೆಳಗೆ ಪ್ಲಗ್ಗೇ ಇಲ್ಲದ ಹೌಸಿಂಗಾದರೆ ಪೈಪ್ ತೂರಿಸಿ ಸಿರಿಂಜ್‌ನಿಂದ ಎಳೆಯಬೇಕು ಅಥವಾ ಕವರ್ ಬಿಚ್ಚಬೇಕು. ಇಳಿದ ಆಯಿಲನ್ನು ಬಿಸಿಲಿಗೆ ಹಿಡಿದು ನೋಡಿ. ಕಂದು ಬಣ್ಣ, ಗಂಧಕದ ಗಾಢ ವಾಸನೆ ಇದ್ದರೆ ಸಹಜ. ಕರ್ರಗಾಗಿ ಸುಟ್ಟ ವಾಸನೆ ಬಂದರೆ ವಿಪರೀತ ಕಾದಿದೆ. ಹಾಲು ಹೆಚ್ಚಾದ ಕಾಫಿಯಂತಿದ್ದರೆ ನೀರು ಸೇರಿದೆ: ಬಿಸಿ ಹೌಸಿಂಗ್ ನಾಲೆಯ ಅಥವಾ ಮಳೆಯ ನೀರಿಗೆ ಇಳಿದಾಗ ಒಳಗಿನ ಗಾಳಿ ಕುಗ್ಗಿ ಸೀಲಿನ ಮೂಲಕವೋ ಬ್ರೀದರ್ (ಗಾಳಿ ಆಡಲೆಂದಿರುವ ತೂತು) ಮೂಲಕವೋ ನೀರನ್ನು ಎಳೆದುಕೊಳ್ಳುತ್ತದೆ. ಇಂಥ ಆಯಿಲಿನಲ್ಲಿ ಒಂದು ವಾರ ಓಡಿಸಿದರೂ ಬೇರಿಂಗಿಗೆ ತುಕ್ಕು ಹಿಡಿಯಬಹುದು.

ಪ್ಲಗ್ಗಿನ ಆಯಸ್ಕಾಂತವೇ ನಿಜವಾದ ವರದಿ. ಅದರ ಮೇಲಿನ ಮೆತ್ತನೆ ಲೇಪವನ್ನು ಹೆಬ್ಬೆರಳು-ತೋರುಬೆರಳ ನಡುವೆ ಉಜ್ಜಿ. ಬೂದು ಬಣ್ಣದ, ಕೈಗೆ ಏನೂ ಚುಚ್ಚದ ನುಣುಪು ಲೇಪ ಎಲ್ಲ ಗಾಡಿಯಲ್ಲೂ ಇರುತ್ತದೆ. ಉಜ್ಜುವಾಗ ಚೂಪು ಸೂಜಿಯಂಥದ್ದು ತಾಗಿದರೆ ಹಲ್ಲು ಅಥವಾ ಬೇರಿಂಗ್ ಸುಲಿಯುತ್ತಿದೆ. ಹೊಳೆಯುವ ಹಕ್ಕಳೆ, ಅಕ್ಕಿನುಚ್ಚಿನ ಗಾತ್ರದ ಚೂರು ಸಿಕ್ಕರೆ ಹೊಸ ಆಯಿಲಿನ ಡಬ್ಬ ತೆರೆಯಬೇಡಿ, ಹೌಸಿಂಗ್ ಬಿಚ್ಚಿಸಿ.

ಕೆಲವರು ಸೀಮೆಎಣ್ಣೆ, ಡೀಸೆಲ್ ಹಾಕಿ ತೊಳೆಯುತ್ತಾರೆ. ಬೇಡ. ಮೂಲೆಗಳಲ್ಲಿ ಉಳಿದದ್ದು ಹೊಸ ಆಯಿಲನ್ನು ತೆಳು ಮಾಡುತ್ತದೆ, ಎಲ್‌ಎಸ್‌ಡಿ ಪ್ಲೇಟುಗಳ ನಡುವೆ ಸೇರಿದರೆ ಹೊರಬರುವುದೂ ಇಲ್ಲ. ತೊಳೆಯಲೇಬೇಕೆಂದರೆ ಅಗ್ಗದ ಜಿಎಲ್-5 ತುಂಬಿ ಇನ್ನೂರು ಕಿಲೋಮೀಟರ್ ಓಡಿಸಿ ಇಳಿಸಿ. ನೀರು ಸೇರಿದ್ದ ಹೌಸಿಂಗಿಗೆ ಇದೇ ದಾರಿ, ಎರಡು ಸಲ.

ತುಂಬುವ ಮೊದಲು ಹೌಸಿಂಗಿನ ಮೇಲಿರುವ ಬ್ರೀದರ್ ತಿರುಗಿಸಿ ನೋಡಿ. ಕಬ್ಬಿನ ಗದ್ದೆಯ ಮಣ್ಣು, ರಸ್ತೆಯ ಧೂಳು ಅಂಟಿ ಮುಚ್ಚಿದ್ದರೆ ಬಿಸಿಯಾದಾಗ ಒತ್ತಡ ಏರಿ ಆಯಿಲ್ ಸೀಲಿನಿಂದ ಹೊರಬರುತ್ತದೆ. ‘ಎಷ್ಟು ಸಲ ಸೀಲ್ ಹಾಕಿದರೂ ಸೋರುತ್ತೆ’ ಎನ್ನುವ ದೂರು ಬಹಳ ಸಲ ಈ ಸಣ್ಣ ಮುಚ್ಚಳದಲ್ಲಿರುತ್ತದೆ. ಕೆಳಗಿನ ಪ್ಲಗ್ಗಿಗೆ ಹೊಸ ವಾಷರ್ ಹಾಕಿ ಬಿಗಿಯಿರಿ. ಎಂಎಕ್ಸ್-5ಗೆ 40ರಿಂದ 50 ನ್ಯೂಟನ್ ಮೀಟರ್ ಸಾಕು, ಬೇರೆಯವಕ್ಕೆ ಪುಸ್ತಕ ನೋಡಿ. ಟೇಪರ್ ಮರೆಯ (ತುದಿಗೆ ಕಿರಿದಾಗುವ ತಿರುಪಿನ) ಪ್ಲಗ್ಗಿಗೆ ವಾಷರ್ ಇಲ್ಲ, ಮರೆಗೆ ಸೀಲೆಂಟ್ ಹಚ್ಚಿ. ತೂತಿನ ಕೆಳ ಅಂಚಿನಿಂದ ಆಯಿಲ್ ದಾರದಂತೆ ಹರಿಯತೊಡಗುವವರೆಗೆ ತುಂಬಿ, ಐದು ನಿಮಿಷ ಬಿಟ್ಟು ಮತ್ತೆ ಸ್ವಲ್ಪ ಹಾಕಿ, ಹರಿಯುವುದು ತೊಟ್ಟಿಕ್ಕುವುದಕ್ಕೆ ಇಳಿದಾಗ ಮುಚ್ಚಿ. ಹೆಚ್ಚಿಗೆ ತುರುಕಿದರೆ ಸದ್ದು ಕಡಿಮೆಯಾಗುವುದಿಲ್ಲ, ನೊರೆ ಏಳುತ್ತದೆ.

ಎಲ್‌ಎಸ್‌ಡಿ ಇದ್ದರೆ

ಎಲ್‌ಎಸ್‌ಡಿ ಎಂದರೆ ಒಂದೇ ಬಗೆಯಲ್ಲ, ಆಯಿಲ್ ಆಯ್ಕೆಯೂ ಅದರ ಮೇಲೆ ನಿಂತಿದೆ. ವಿಸ್ಕಸ್ ಬಗೆಯದರೊಳಗೆ ಸಿಲಿಕೋನ್ ದ್ರವ ಸೀಲ್ ಆಗಿರುತ್ತದೆ. ಹೊರಗಿನ ಆಯಿಲ್ ಅದನ್ನು ಮುಟ್ಟುವುದೇ ಇಲ್ಲ, ಸಾಮಾನ್ಯ ಜಿಎಲ್-5 ಸಾಕು. ಟಾರ್ಸೆನ್‌ನಂಥ ಗೇರ್ ಬಗೆಗೂ ವಿಶೇಷ ಸಂಯೋಜಕ ಬೇಡ. ಪ್ಲೇಟ್ ಬಗೆಯದೇ ಕಿರಿಕಿರಿಯದು. ಗಾಡಿ ತಿರುಗುವಾಗ ಹೊರ ಚಕ್ರ ಬೇಗ, ಒಳ ಚಕ್ರ ನಿಧಾನ ಸುತ್ತಬೇಕು; ಅದಕ್ಕೆ ಪ್ಲೇಟುಗಳು ಒಂದರ ಮೇಲೊಂದು ಜಾರಬೇಕು. ಆಯಿಲಿನಲ್ಲಿ ಫ್ರಿಕ್ಷನ್ ಮಾಡಿಫೈಯರ್ ಇಲ್ಲದಿದ್ದರೆ ಅವು ಹಿಡಿದು-ಬಿಟ್ಟು, ಹಿಡಿದು-ಬಿಟ್ಟು ಮಾಡುತ್ತವೆ. ಪಾರ್ಕಿಂಗ್‌ನಲ್ಲಿ ಪೂರ್ತಿ ಸ್ಟೀರಿಂಗ್ ತಿರುಗಿಸಿದಾಗ ಹಿಂದಿನಿಂದ ಬರುವ ‘ಕಟ್ ಕಟ್ ಕಟ್’ ಅದೇ. ಇದು ಆಯಿಲಿನಿಂದ ನಿಜವಾಗಿ ವಾಸಿಯಾಗುತ್ತದೆ.

ಡಬ್ಬದ ಮೇಲೆ ‘ಎಲ್‌ಎಸ್’ ಅಥವಾ ‘ಲಿಮಿಟೆಡ್ ಸ್ಲಿಪ್’ ಎಂದಿದ್ದರೆ ಮಾಡಿಫೈಯರ್ ಮೊದಲೇ ಬೆರೆತಿದೆ. ಮೇಲೆ ಮತ್ತೆ ಸುರಿಯಬೇಡಿ. ಸಾಮಾನ್ಯ ಜಿಎಲ್-5 ತುಂಬಿದ್ದರೆ ಮಾಡಿಫೈಯರ್ ಬಾಟಲಿಯನ್ನು ಬೇರೆ ತಂದು, ಒಂದು ಲೀಟರಿಗೆ 30-40 ಮಿಲಿಯಿಂದ ಶುರು ಮಾಡಿ. ಖಾಲಿ ಮೈದಾನದಲ್ಲಿ ಸ್ಟೀರಿಂಗ್ ಹೆಚ್ಚುಕಡಿಮೆ ಪೂರ್ತಿ ತಿರುಗಿಸಿ, ನಡೆಯುವ ವೇಗದಲ್ಲಿ ಎಡಕ್ಕೆ ಹತ್ತು, ಬಲಕ್ಕೆ ಹತ್ತು ಸುತ್ತು ಹೊಡೆಯಿರಿ. ಹೊಸ ಆಯಿಲ್ ಪ್ಲೇಟುಗಳ ನಡುವೆ ಹೋಗುವುದು ಹೀಗೆಯೇ. ಸುತ್ತು ಹೊಡೆಯದೆ ‘ಇನ್ನೂ ಸದ್ದಿದೆ’ ಎಂದು ಮತ್ತೆ ಸುರಿಯುವುದೇ ಎಲ್ಲರೂ ಮಾಡುವ ತಪ್ಪು. ಆಮೇಲೂ ಕಟಕಟ ಉಳಿದರೆ 15-20 ಮಿಲಿ ಹಾಕಿ, ಮತ್ತೆ ಸುತ್ತು. ಬಾಟಲಿಯ ಮೇಲಿನ ಮಿತಿ ದಾಟಬೇಡಿ. ಹೆಚ್ಚಾದರೆ ಸದ್ದು ಪೂರ್ತಿ ಹೋಗುತ್ತದೆ, ಜತೆಗೆ ಎಲ್‌ಎಸ್‌ಡಿಯ ಹಿಡಿತವೂ ಹೋಗಿ ತಿರುವಿನ ಹೊರದಾರಿಯಲ್ಲಿ ಒಳ ಚಕ್ರ ಸುಮ್ಮನೆ ತಿರುಗುತ್ತದೆ. ಸ್ಪರ್ಧೆಗೆ ಓಡಿಸುವವರು ಒಂದಿಷ್ಟು ಕಟಕಟ ಬಿಟ್ಟುಕೊಳ್ಳುವುದೇ ವಾಸಿ.

ಒಂದು ಎಚ್ಚರಿಕೆ. ಎಲ್‌ಎಸ್‌ಡಿ ಗಾಡಿಯ ಒಂದೇ ಹಿಂಚಕ್ರ ಎತ್ತಿ ಎಂಜಿನ್ ಹಾಕಿ ಗೇರಿಗೆ ಬಿಡಬೇಡಿ. ನೆಲದಲ್ಲಿರುವ ಇನ್ನೊಂದು ಚಕ್ರ ಗಾಡಿಯನ್ನು ಸ್ಟ್ಯಾಂಡಿನಿಂದ ಎಳೆದುಕೊಂಡು ಹೋಗುತ್ತದೆ.

ಆಯಿಲಿನಿಂದ ಹೋಗದ ಕೂಗು

ಹಿಂಚಕ್ರ ಎರಡೂ ಎತ್ತಿ, ಗೇರ್ ನ್ಯೂಟ್ರಲ್ ಮಾಡಿ, ಶಾಫ್ಟ್ ಬಿಚ್ಚಿ ಪಿನಿಯನ್ ಫ್ಲ್ಯಾಂಜನ್ನು ಕೈಯಲ್ಲಿ ಹಿಡಿದು ಮೇಲೆ ಕೆಳಗೆ, ಹಿಂದೆ ಮುಂದೆ ಅಲುಗಿಸಿ. ಕೂದಲೆಳೆಯಷ್ಟು ಅಲುಗಿದರೂ ಬೇರಿಂಗ್ ಕೆಲಸ ಇದೆ. ತಿರುಗಿಸುವಾಗ ಬೆರಳಿಗೆ ಮರಳು ಸಿಕ್ಕ ಅನುಭವವಾದರೂ ಅಷ್ಟೆ. ಓಡಿಸಿ ಬಂದ ಕೂಡಲೇ ಇನ್‌ಫ್ರಾರೆಡ್ ಥರ್ಮಾಮೀಟರಿನಿಂದ ಪಿನಿಯನ್ ಮೂಗು (ಹೌಸಿಂಗಿನ ಮುಂತುದಿ) ಮತ್ತು ಹಿಂದಿನ ಕವರ್ ಎರಡನ್ನೂ ಅಳೆಯಿರಿ. ಮೂಗು ಮಾತ್ರ ಎದ್ದು ಕಾಣುವಷ್ಟು ಬಿಸಿಯಿದ್ದರೆ ಪಿನಿಯನ್ ಬೇರಿಂಗ್ ಬಿಗಿ ತಪ್ಪಿದೆ.

ಪಿನಿಯನ್ ಸೀಲ್ ಬದಲಿಸಿದ ಮಾರನೇ ದಿನದಿಂದ ಕೂಗು ಬಂದಿದ್ದರೆ ತಪ್ಪು ನಟ್ಟಿನಲ್ಲಿದೆ. ಬಹಳ ಗಾಡಿಗಳಲ್ಲಿ ಬೇರಿಂಗಿನ ಬಿಗಿಯನ್ನು ಒಳಗಿನ ಒಂದು ಕುಗ್ಗುವ ತೋಳು ತೀರ್ಮಾನಿಸುತ್ತದೆ. ಸೀಲ್ ಹಾಕಿ ನಟ್ಟನ್ನು ಇಂಪ್ಯಾಕ್ಟ್ ಗನ್ನಿನಿಂದ ಎಳೆದರೆ ತೋಳು ಇನ್ನಷ್ಟು ಕುಗ್ಗಿ ಬೇರಿಂಗ್ ಬಿಗಿದುಕೊಳ್ಳುತ್ತದೆ, ಪಿನಿಯನ್ ಹಿಂದಿದ್ದ ಹದ ಕಳೆದುಕೊಳ್ಳುತ್ತದೆ. ಬಿಚ್ಚುವ ಮೊದಲೇ ನಟ್, ಶಾಫ್ಟ್, ಫ್ಲ್ಯಾಂಜ್ ಮೂರಕ್ಕೂ ಸೇರಿ ಪಂಚಿನಿಂದ ಗುರುತು ಹೊಡೆದು, ಹೊರಗೆ ಕಾಣುವ ಮರೆ ಎಣಿಸಿಟ್ಟುಕೊಳ್ಳಬೇಕು. ಜೋಡಿಸುವಾಗ ಅದೇ ಗುರುತಿಗೆ ತರಬೇಕು.

ಕ್ರೌನ್-ಪಿನಿಯನ್ ಹಾಕಿಸುವುದಾದರೆ ಜೋಡಿಯಾಗಿಯೇ ಕೊಳ್ಳಿ. ಕಾರ್ಖಾನೆಯಲ್ಲಿ ಎರಡನ್ನೂ ಒಟ್ಟಿಗೆ ಉಜ್ಜಿ ಹೊಂದಿಸಿರುತ್ತಾರೆ, ಬಿಡಿ ಕ್ರೌನ್ ಹಾಕಿದರೆ ಯಾವ ಆಯಿಲಿಗೂ ಬಗ್ಗದ ಕೂಗು ಗ್ಯಾರಂಟಿ. ಹಲ್ಲಿನ ಸಡಿಲ ಸಾಮಾನ್ಯವಾಗಿ 0.10ರಿಂದ 0.20 ಮಿಮೀ, ಡಯಲ್ ಗೇಜ್ ಇಟ್ಟು ಅಳೆಯಬೇಕು. ‘ಕೈಯಲ್ಲೇ ಗೊತ್ತಾಗತ್ತೆ’ ಎನ್ನುವವರ ಹತ್ತಿರ ಈ ಕೆಲಸ ಕೊಡಬೇಡಿ. ಹಲ್ಲಿಗೆ ಬಣ್ಣ ಹಚ್ಚಿ ತಿರುಗಿಸಿ ಗುರುತು ಎಲ್ಲಿ ಬಿದ್ದಿದೆಯೆಂದು ನಿಮ್ಮ ಕಣ್ಣೆದುರೇ ತೋರಿಸಲಿ. ಹೊಸ ಸೆಟ್ ಹಾಕಿದ ಮೇಲೆ ಮೊದಲ ದಿನ ಇಪ್ಪತ್ತು ನಿಮಿಷ ಮೆಲ್ಲಗೆ ಓಡಿಸಿ ಪೂರ್ತಿ ಆರಲು ಬಿಡಿ, ಎರಡು ಮೂರು ಸಲ ಹೀಗೆ ಮಾಡಿ. 800 ಕಿಲೋಮೀಟರಿಗೆ ಆಯಿಲ್ ಇಳಿಸಿ ಹೊಸದು ತುಂಬಿ. ಮುಂದೆ ರಸ್ತೆಯ ಗಾಡಿಗೆ 40,000 ಕಿಲೋಮೀಟರಿಗೊಮ್ಮೆ, ಪ್ಲೇಟ್ ಎಲ್‌ಎಸ್‌ಡಿಗೆ 20,000ಕ್ಕೊಮ್ಮೆ. ನೀರಿಗೆ ಇಳಿದು ಬಂದರೆ ಲೆಕ್ಕ ಬಿಟ್ಟು ಆ ವಾರವೇ.

ಇಳಿಸಿದ ಆಯಿಲ್ 2016ರ ಅಪಾಯಕಾರಿ ತ್ಯಾಜ್ಯ ನಿಯಮಗಳ ವ್ಯಾಪ್ತಿಗೆ ಬರುತ್ತದೆ. ಚರಂಡಿಗೆ, ನಾಲೆಯ ಏರಿಗೆ ಚೆಲ್ಲುವಂತಿಲ್ಲ, ಗೆದ್ದಲಿಗೆಂದು ಬೇಲಿ ಕಂಬಕ್ಕೆ ಬಳಿಯುವುದೂ ಬೇಡ. ಡಬ್ಬದಲ್ಲಿ ತುಂಬಿ, ಅಧಿಕೃತ ಮರುಬಳಕೆದಾರರಿಗೆ ಹಳೇ ಆಯಿಲ್ ಕೊಡುವ ಸರ್ವಿಸ್ ಸ್ಟೇಷನ್ನಿಗೆ ಒಪ್ಪಿಸಿ. ಬ್ರೇಕ್ ಆಯಿಲ್, ಕೂಲಂಟ್ ಅದರ ಜತೆ ಬೆರೆಸಬೇಡಿ, ಬೆರೆಸಿದ್ದನ್ನು ಮರುಶುದ್ಧಿ ಮಾಡುವುದು ಕಷ್ಟ.